ಗೌರವ್ವನ ಕೊನೆಯ ಊಟ

೧೯೮೩ರಲ್ಲಿ ನಾನು ಖಾನಾಪುರದಲ್ಲಿ ಸಬ್ ಇನ್ಸ್‌ಪೆಕ್ಟರ್ ಆಗಿದ್ದೆ. ಮಳೆಗಾಲ ಮುಗಿಯುತ್ತಿದ್ದ ಒಂದು ಬೆಳಿಗ್ಗೆ ಮಲಪ್ರಭೆಯಲ್ಲಿ ಗೌರವ್ವ ಎಂಬ ಹೆಣ್ಣುಮಗಳ ಶವ ಸಿಕ್ಕಿತು. ನಸುಕಿನಲ್ಲಿ ಹೊಳೆಗೆ ಸ್ನಾನಕ್ಕೆ ಹೋದವಳು ಕಾಲು ಜಾರಿ ಬಿದ್ದಳೆಂದು ಗಂಡ ಈರಪ್ಪ ಹೇಳಿಕೆ ಕೊಟ್ಟ. ಅವಳು ದಿನಾ ಹಾಗೆ ಹೋಗುತ್ತಿದ್ದುದು ಓಣಿಗೆಲ್ಲ ಗೊತ್ತಿತ್ತು. ಅಸಹಜ ಸಾವಿಗೆ ಹಾಕುವ ಯು.ಡಿ.ಆರ್. ಪ್ರಕರಣ ದಾಖಲಿಸಿದೆ. ಪೋಸ್ಟ್‌ಮಾರ್ಟಂ ಮಾಡಿದ ಡಾಕ್ಟರ್ ನೀರಿನಲ್ಲಿ ಮುಳುಗಿ ಸಾವು ಎಂದರು. ಮೈಮೇಲೆ ಪೆಟ್ಟಿರಲಿಲ್ಲ. ಸಂಜೆಯೊಳಗೆ ಮಣ್ಣೂ ಆಯಿತು.

ಮರುದಿನ ಅವಳ ಅಣ್ಣ ಶಿವಲಿಂಗಪ್ಪ ಠಾಣೆಗೆ ಬಂದ. ಬೆಳಗಾವಿ ಬಳಿಯ ಮಚ್ಛೆಯಲ್ಲಿ ಕಾರ್ಖಾನೆಯೊಂದರ ಫಿಟರ್. ಗಂಡ ಹೊಡೆಯುತ್ತಾನೆಂದು ತವರಿಗೆ ಬಂದಿದ್ದ ತಂಗಿಯನ್ನು, ನಾಲ್ಕು ಮಂದಿ ಏನಂದಾರು ಎಂದು, ಆ ವಾರವೇ ಮರಳಿ ತಂದು ಬಿಟ್ಟವನು ಇವನೇ.

“ತಾನ ಜಾರಿದ್ಲೋ, ಯಾರರೆ ದೂಡಿದ್ರೋ, ಅದೊಂದು ಗೊತ್ತಾಗಬೇಕ್ರಿ ಸಾಹೇಬ್ರ. ಇಲ್ಲಂದ್ರ ನನ್ನ ಗಂಟಲಾಗ ತುತ್ತು ಇಳಿಯಂಗಿಲ್ಲ.”

ಇಂಥ ಅಣ್ಣಂದಿರನ್ನು ಬಹಳ ನೋಡಿದ್ದೆ. ಸಂಶಯ ಸಾಕ್ಷಿಯಾಗುವುದಿಲ್ಲಪ್ಪಾ ಎಂದು ಬಿರುಸಾಗಿಯೇ ಹೇಳಿದೆ. ಅವನು ಎದ್ದು ಬಾಗಿಲವರೆಗೆ ಹೋಗಿ ನಿಂತ.

“ಹಸಕೊಂಡು ಸತ್ತಳೇನ್ರಿ?”

ಅಯ್ಯೋ ಪಾಪ ಅನ್ನಿಸಿತು. ಇಲ್ಲ, ಹೊಟ್ಟೆ ತುಂಬ ಉಂಡಿದ್ದಳು, ರೊಟ್ಟಿ ಝುಣಕ ಇನ್ನೂ ಅರಗಿರಲಿಲ್ಲವೆಂದು ಡಾಕ್ಟರ್ ಹೇಳಿದ್ದಾರೆ ಎಂದು ಸಮಾಧಾನ ಮಾಡಿದೆ. ಮುಂಜಾನೆ ತಿಂದು ಹೊಳೆಗೆ ಹೋಗಿದ್ದಾಳೆಂದೇ ನಾನು ತಿಳಿದಿದ್ದೆ.

ಅವನು ತಿರುಗಿ ಬಂದು ಮೇಜು ಹಿಡಿದುಕೊಂಡ. “ಏನಂದ್ರಿ? ಜಳಕ ಆಗಿ ಲಿಂಗಪೂಜಿ ಆಗೂತನಕಾ ನಮ್ಮ ಗೌರಿ ಹನಿ ನೀರು ಸುದ್ದಾ ಬಾಯಾಗ ಹಾಕ್ತಿದ್ದಿಲ್ರಿ. ಜ್ವರ ಬಂದಾಗೂ ಹಾಕಲಿಲ್ಲ. ಜಳಕಕ್ಕ ಹೊಂಟಾಕಿ ರೊಟ್ಟಿ ಹ್ಯಾಂಗ ತಿಂತಾಳ್ರಿ?”

ನೇರ ಡಾಕ್ಟರ ಹತ್ತಿರ ಹೋದೆ. ರಾತ್ರಿಯ ಊಟ ನಸುಕಿನವರೆಗೆ ಹಾಗೆ ಉಳಿಯುವುದಿಲ್ಲ, ಉಂಡ ಸ್ವಲ್ಪ ಹೊತ್ತಿಗೇ ಸಾವಾಗಿದೆ ಎಂದರು. ಅಂದರೆ ಗೌರವ್ವ ಸತ್ತದ್ದು ಹಿಂದಿನ ರಾತ್ರಿ. ಈರಪ್ಪನ ಬಾಜು ಮನೆಯ ಮುದುಕಿಯನ್ನು ಮತ್ತೆ ವಿಚಾರಿಸಿದೆ.

“ಉಂಡಮ್ಯಾಲೆ ಜಗಳಾತ್ರಿ. ತವರಿಗೆ ಹೊಕ್ಕೀನಂತ ಅರಿಬಿ ಗಂಟು ಕಟಗೊಂಡು ಹೊಂಟ್ಲು. ಬೆನ್ನ ಹಿಂದ ಅಂವ ಹ್ವಾದ. ತಿರುಗಿ ಬರೂಮುಂದ ಒಬ್ಬಾವನ ಬಂದ.”

ಮೊದಲೇ ಯಾಕೆ ಹೇಳಲಿಲ್ಲ ಎಂದು ರೇಗಿದೆ.

“ನೀವು ಮುಂಜಾನಿದಷ್ಟ ಕೇಳಿದ್ರಿ,” ಎಂದಳು.

ಬಟ್ಟೆಯ ಗಂಟು ಈರಪ್ಪನ ಹುಲ್ಲಿನ ಬಣವೆಯಲ್ಲಿ ಸಿಕ್ಕಿತು. ಅದನ್ನು ಕಂಡದ್ದೇ ಅವನು ಅವಳನ್ನು ಹೊಳೆಗೆ ದೂಡಿದ್ದನ್ನು ಒಪ್ಪಿಕೊಂಡ. ಅವಳ ನೇಮವನ್ನೇ ನಂಬಿ ಸುಳ್ಳು ಕಟ್ಟಿದ್ದ. ಅದೇ ನೇಮ ಅವನನ್ನು ಹಿಡಿದುಕೊಟ್ಟಿತು.

ಸತ್ತವರ ದೇಹದ ಬಗ್ಗೆ ಡಾಕ್ಟರ್ ಹೇಳುತ್ತಾರೆ. ಬದುಕಿದ್ದಾಗ ಅವರು ಹೇಗಿದ್ದರೆಂದು ಜೊತೆಗೆ ಉಂಡವರನ್ನೇ ಕೇಳಬೇಕು. ಆಮೇಲಿನ ಯಾವ ಕೇಸಿನಲ್ಲೂ ನಾನದನ್ನು ಮರೆಯಲಿಲ್ಲ.

ಬೆಳಗಾವಿಯ ಸೆಷನ್ಸ್ ಕೋರ್ಟು ಈರಪ್ಪನಿಗೆ ಜೀವಾವಧಿ ಶಿಕ್ಷೆ ಕೊಟ್ಟ ದಿನ ಶಿವಲಿಂಗಪ್ಪ ಹೊರಗಿನ ಕಟ್ಟೆಯ ಮೇಲೆ ಕೂತಿದ್ದ. ಇನ್ನಾದರೂ ಸಮಾಧಾನವಾಯಿತೇ ಎಂದು ಕೇಳಿದೆ.

“ತವರಿಗೆ ಹೊಂಟಿದ್ಲಂತಲ್ರಿ ಸಾಹೇಬ್ರ,” ಎಂದ. “ನಾ ಮತ್ತ ತಿರುಗಿ ಕಳಸಂಗಿಲ್ಲ ಅಂತ ಆಕಿ ನನ್ನ ನಂಬಿದ್ಲು.”