ನಾಲ್ಕು ನಿಮಿಷದ ಜಾಗ

ಅಚ್ಚುತನನ್ನು ಸರಕಿನ ಹಾಗೆ ಎತ್ತಿ, ತಿರುಗಿಸಿ ನೋಡಿದರೆ ಹೀಗೆ: ವಯಸ್ಸು ನಲವತ್ತೇಳು, ಎತ್ತರ ಐದಡಿ ಮೂರಿಂಚು, ಎದೆ ಮಾತ್ರ ಆ ಎತ್ತರಕ್ಕೆ ಹೊಂದದಷ್ಟು ಅಗಲ. ಎಡಗಿವಿ ಕೇಳುವುದಿಲ್ಲ, ನೀರಿನಡಿಯ ಒತ್ತಡ ಅದನ್ನು ತಿಂದು ಹತ್ತು ವರ್ಷವಾಯಿತು. ಬಲಗಾಲಿನ ಹೆಬ್ಬೆರಳಿಗೆ ಉಗುರಿಲ್ಲ. ಉಸಿರು ಹಿಡಿದರೆ ಎರಡು ನಿಮಿಷದ ಮೇಲೂ ಸ್ವಲ್ಪ. ಮಾತು ಕಡಿಮೆ, ಚೌಕಾಸಿ ಗೊತ್ತೇ ಇಲ್ಲ. ಇಂಥ ಮಾಲನ್ನು ಯಾವ ವ್ಯಾಪಾರಿಯೂ ಅಂಗಡಿಯ ಎದುರಿಗೆ ಜೋಡಿಸಿಡುವುದಿಲ್ಲ. ಒಳಗೆಲ್ಲೋ ಮೂಲೆಯಲ್ಲಿರುತ್ತದೆ. ಬೇಕಾದ ದಿನ ಸಿಗದಿದ್ದರೆ ಮಾತ್ರ ಗಿರಾಕಿ ಬೈಯುತ್ತಾನೆ.

ಕಡಬದ ಸುತ್ತ ಬಾವಿಯ ಕೆಸರು ತೆಗೆಯುವುದು, ಹೊಳೆಗೆ ಬಿದ್ದ ಪಂಪುಗಳನ್ನು ಮುಳುಗಿ ಹುಡುಕಿ ಕೊಡುವುದು ಅವನ ಕಸುಬು. ಹೊಳೆಗೆ ಪಂಪು ಮಾತ್ರ ಬೀಳುವುದಿಲ್ಲವಾದ್ದರಿಂದ ಮನುಷ್ಯರನ್ನು ಎತ್ತುವ ಕೆಲಸವೂ ಅವನ ಪಾಲಿಗೆ ಬಂತು. ಅದಕ್ಕೆ ಅವನು ಒಂದು ಚಹಾ ಕೂಡ ಕುಡಿಯುತ್ತಿರಲಿಲ್ಲ. ಊರು ಅದನ್ನು ದೊಡ್ಡ ಗುಣ ಎಂದು ಹೊಗಳಿತು. ಹೊಗಳಿಕೆಯಷ್ಟು ಅಗ್ಗದ ಸಾಮಾನು ಈ ಸೀಮೆಯಲ್ಲಿ ಬೇರೆ ಇಲ್ಲ.

ದೋಣಿ ಅವನಿಗೆ ಸಿಕ್ಕಿದ್ದು ಉಪ್ಪಿನಂಗಡಿ ಕಡೆಯ ಹೊಳೆಬದಿಯ ರೆಸಾರ್ಟೊಂದು ಮುಚ್ಚಿದಾಗ. ಅದರ ಮೂರು ಬಾವಿಗಳನ್ನು ಒಂದು ಬೇಸಿಗೆ ಪೂರ್ತಿ ತೋಡಿದ ಕೂಲಿಗೆ ಬದಲಾಗಿ ಅವನು ಹದಿನಾಲ್ಕು ಅಡಿಯ ಫೈಬರ್ ದೋಣಿಯನ್ನೂ ಅದರ ಸಣ್ಣ ಎಂಜಿನ್ನನ್ನೂ ಕೇಳಿ ಪಡೆದ. ಪುತ್ತೂರಿನ ಒಂದು ವೆಲ್ಡಿಂಗ್ ಅಂಗಡಿಯಲ್ಲಿ ಹಳೆಯ ಕಾರಿನ ಆಕ್ಸಲ್ ಹಾಕಿಸಿ ಟ್ರೈಲರ್ ಮಾಡಿಸಿದ. ಎಳೆಯಲು ಸಿದ್ದೀಕನ ಪಿಕಪ್ಪು. ಸಿದ್ದೀಕ್ ಬೆಳಿಗ್ಗೆ ಮೀನು ಮಾರುವವನು, ಅಚ್ಚುತನ ಜೊತೆ ಚಿಕ್ಕಂದಿನಿಂದ ಈಜಿದವನು.

ಅಚ್ಚುತನ ಮನೆ ಗುಡ್ಡದ ಮೇಲೆ. ರಸ್ತೆಯಿಂದ ಅರುವತ್ತು ಕಲ್ಲಿನ ಮೆಟ್ಟಿಲು. ದೋಣಿ ಮೆಟ್ಟಿಲು ಹತ್ತುವುದಿಲ್ಲ. ಹಾಗಾಗಿ ಮೊದಲ ಮೂರು ವರ್ಷ ಅದು ಸಿದ್ದೀಕನ ಅಂಗಳದಲ್ಲಿ, ಮೀನಿನ ಪೆಟ್ಟಿಗೆಗಳ ಪಕ್ಕ ನಿಂತಿತ್ತು. ಸಿದ್ದೀಕನ ತಾಯಿ ಕುಂಞಿಪಾತುಮ್ಮ ಅದರ ಅಂಚಿನ ಮೇಲೆ ಚಾಪೆ ಒಣಗಿಸುತ್ತಿದ್ದರು. ಅಲ್ಲಿಂದ ಸೇತುವೆಗೆ ಹದಿನೆಂಟು ನಿಮಿಷ. ಆ ಮೂರು ವರ್ಷಗಳಲ್ಲಿ ದೋಣಿ ಹತ್ತೊಂಬತ್ತು ಜನರನ್ನು ದಡಕ್ಕೆ ತಂದಿತು. ಜೀವ ಇದ್ದವರು ಒಬ್ಬರೂ ಇರಲಿಲ್ಲ.

ಇದು ಅಚ್ಚುತನನ್ನು ಒಳಗಿಂದ ಕೊರೆಯುತ್ತಿತ್ತು. ಹತ್ತೊಂಬತ್ತರಲ್ಲಿ ನಾಲ್ವರು, ಫೋನು ಬಂದಾಗ ಇನ್ನೂ ಬಿದಿರನ್ನೋ ಬಂಡೆಯನ್ನೋ ಹಿಡಿದುಕೊಂಡಿದ್ದರು. ಕಣ್ಣಾರೆ ಕಂಡವರು ಹೇಳಿದ್ದರು. ಒಬ್ಬಳು ಹೆಂಗಸು ಹನ್ನೆರಡು ನಿಮಿಷ ಹಿಡಿದಿದ್ದಳು. ದೋಣಿ ಆರು ನಿಮಿಷ ತಡ. ಹೆಂಡತಿ ರಾಜೀವಿಯ ಬಳಿ ಅವನು ಒಮ್ಮೆ ಹೇಳಿದ್ದ: "ನಾನು ಹೊಳೆಯಿಂದ ಹೆಣ ತರುವವ ಅಂತ ಸಾಯ್ಲಿಕ್ಕೆ ಮನಸ್ಸಿಲ್ಲ. ಒಂದು ಸಲ, ಉಸಿರು ಇರುವವರನ್ನು ತರ್ಬೇಕು." ಆ ಒಂದು ಸಲಕ್ಕೆ ಬೇಕಾದದ್ದು ಸೇತುವೆಯ ಹತ್ತಿರ ಹದಿನಾಲ್ಕು ಅಡಿ ಜಾಗ.

ಈ ವರ್ಷ ರಸ್ತೆ ಅಗಲ ಮಾಡುವ ಕೆಲಸ ಸಿದ್ದೀಕನ ಅಂಗಳವನ್ನು ಹೊಸ್ತಿಲವರೆಗೆ ನುಂಗಿತು. ಮೇ ತಿಂಗಳು. ಮಳೆಗೆ ಮೂರು ವಾರ. ಹೇಗೂ ಸ್ಥಳ ಬದಲಿಸಲೇಬೇಕು, ಬದಲಿಸುವುದಾದರೆ ಹೊಳೆಯ ಹತ್ತಿರಕ್ಕೇ ಆಗಲಿ ಎಂದು ಅಚ್ಚುತ ಹೊರಟ.

ಸೇತುವೆಯ ಈಚೆ ದಡದಲ್ಲಿ, ನೀರಿಗಿಳಿಯುವ ಇಳಿಜಾರಿನ ಪಕ್ಕದಲ್ಲೇ ಪಂಪು ಮತ್ತು ಪೈಪಿನ ಅಂಗಡಿಯೊಂದಿದೆ. ಅದರ ಬದಿಗೆ ಶೀಟು ಹೊದಿಸಿದ ಮಾಡು, ಒಂದು ತೆರೆದ ಚಪ್ಪರ. ಪೈಪು ಬಂದ ವಾರ ತುಂಬಿರುತ್ತದೆ, ಉಳಿದ ದಿನ ನಾಯಿ ಮಲಗುತ್ತದೆ. ಅಂಗಡಿಯ ಯಜಮಾನ ಸರ್ವೋತ್ತಮ. ಇದನ್ನು ಬರೆಯುತ್ತಿರುವವನೂ ಅವನೇ. ಅಚ್ಚುತನನ್ನು ತೂಗಿದ ತಕ್ಕಡಿಯಲ್ಲಿ ಅವನನ್ನೂ ಕೂರಿಸುವುದು ನ್ಯಾಯ. ವಯಸ್ಸು ಐವತ್ತೆರಡು, ಹೊಟ್ಟೆ ಸಾಧಾರಣ, ನಗು ಧಾರಾಳ. ಯಾರಿಗೂ 'ಇಲ್ಲ' ಎಂದು ಹೇಳಿದವನಲ್ಲ. ಹೇಳಿದರೆ ಗಿರಾಕಿ ಹೋಗುತ್ತಾನೆ. ಇಲ್ಲ ಎನ್ನಬೇಕಾದಲ್ಲಿ ಅವನು ಸಲಹೆ ಕೊಡುತ್ತಾನೆ.

ಅಚ್ಚುತ ಮಾಡಿನ ಕೆಳಗೆ ಹೆಜ್ಜೆ ಹಾಕಿ ಉದ್ದ ಅಳೆದ. ಇಲ್ಲಿಂದ ದೂಡಿದರೆ ನೀರಿಗೆ ನಾಲ್ಕು ನಿಮಿಷ, ಪಿಕಪ್ಪೂ ಬೇಡ ಎಂದ. ಬಾಡಿಗೆ ಕೊಡುತ್ತೇನೆ, ಪೈಪು ಬಂದಾಗ ಹೊರಗೆ ಎಳೆದಿಡುತ್ತೇನೆ ಎಂದೂ ಹೇಳಿದ. ಎಲ್ಲ ಸರಿಯಾಗಿತ್ತು. ಸರ್ವೋತ್ತಮನ ಕಣ್ಣಿಗೆ ಕಂಡದ್ದು ಬೇರೆ: ಹೊಸ ಬಾವಿಗೆ ಪಂಪು ಕೊಳ್ಳಲು ಬರುವವರು ಒಳ್ಳೆಯ ದಿನ ನೋಡಿ, ತೆಂಗಿನಕಾಯಿ ಒಡೆದು ಬರುವ ಜನ. ಅವರ ಎದುರಿಗೆ ಹತ್ತೊಂಬತ್ತು ಹೆಣ ಹೊತ್ತ ದೋಣಿ ಬಾಯಿ ತೆರೆದು ಮಲಗಿದ್ದರೆ, ಅವರು ಪುತ್ತೂರಿಗೆ ಬಸ್ಸು ಹತ್ತುತ್ತಾರೆ.

"ನನ್ನದೆಂತ ಇಲ್ಲ ಅಚ್ಚುತ," ಎಂದ ಅವನು. "ಜನ ಎಂತೆಂತದ್ದೋ ಹೇಳ್ತಾರೆ. ನೀನೊಂದು ಪುಣ್ಯಾಹ ಮಾಡಿಸಿ ಬಿಡು ಮಾರಾಯ. ನಾಲ್ಕು ಜನರ ಎದುರಿಗೆ. ಮತ್ತೆ ಯಾರೂ ಬಾಯಿ ತೆರೆಯುದಿಲ್ಲ."

ಸಿದ್ದೀಕನಿಗೆ ಇದು ಸರಿ ಕಾಣಲಿಲ್ಲ. "ನನ್ನ ಪಿಕಪ್ಪಲ್ಲಿ ಇಪ್ಪತ್ತು ವರ್ಷದಿಂದ ಸತ್ತದ್ದನ್ನೇ ತರುದು ಅಚ್ಚುತಣ್ಣ," ಎಂದ. "ಯಾರೂ ಎಂತ ಮಾಡಿಸ್ಲಿಕ್ಕೆ ಹೇಳ್ಲಿಲ್ಲ. ಎಲ್ಲರೂ ಚೀಲ ಹಿಡ್ಕೊಂಡು ಬರ್ತಾರೆ." ಅಚ್ಚುತ ನಕ್ಕ. ಆದರೆ ಅಂಗಡಿಯ ಧನಿಗಳು ಹೇಳಿದ ಮೇಲೆ ಅದರಲ್ಲಿ ಅರ್ಥ ಇರಬೇಕು ಎಂದುಕೊಂಡ.

ಒಂದು ಶುಕ್ರವಾರ ಬೆಳಿಗ್ಗೆ, ಜಂಕ್ಷನ್ನಿನ ಪಕ್ಕದ ಬಯಲಿನಲ್ಲಿ, ದೋಣಿಯನ್ನು ಟ್ರೈಲರ್ ಸಮೇತ ತೊಳೆದು ನಿಲ್ಲಿಸಿದ. ಭಟ್ಟರು ಬಂದರು. ಕಲಶ, ಮಾವಿನೆಲೆ, ಮಂತ್ರ. ಬಸ್ಸಿಗೆ ಕಾಯುವವರು, ಹಾಲು ಹಾಕಿ ಮರಳುವವರು, ಆಟೋದವರು ಎಂದು ಐವತ್ತು ಜನ ಸೇರಿದರು. ಭಟ್ಟರು ದೋಣಿಯ ಒಳಗೆ ನೀರು ಪ್ರೋಕ್ಷಣೆ ಮಾಡುವಾಗ ಎಲ್ಲರೂ ಕತ್ತು ಚಾಚಿ ನೋಡಿದರು, ಒಳಗೆ ಯಾರಾದರೂ ಇನ್ನೂ ಉಳಿದಿದ್ದಾರೋ ಎಂಬಂತೆ. ಅಚ್ಚುತ ಇಸ್ತ್ರಿ ಹಾಕಿದ ಬಿಳಿ ಪಂಚೆಯಲ್ಲಿ ನಿಂತಿದ್ದ. ಪ್ರಸಾದ ಕೊಟ್ಟದ್ದನ್ನು ತೆಗೆದುಕೊಂಡವರು ಹನ್ನೊಂದು ಮಂದಿ.

ಅಂಗಡಿ ಇಟ್ಟವರಿಗೆ ಗೊತ್ತಿರುವ ಸಂಗತಿಯೊಂದಿದೆ: 'ಈ ಮಾಲಿನಲ್ಲಿ ದೋಷವಿಲ್ಲ' ಎಂದು ಬರೆದು ಅಂಟಿಸಿದರೆ ಆ ಮಾಲು ಮತ್ತೆ ಹೋಗುವುದಿಲ್ಲ. ಅದುವರೆಗೆ ದೋಣಿ ಬರೀ ದೋಣಿಯಾಗಿತ್ತು. ಜನ ಕಂಡೂ ಕಾಣದ ಹಾಗೆ ದಾಟುತ್ತಿದ್ದರು. ಪುಣ್ಯಾಹದ ಮರುದಿನದಿಂದ, ತೊಳೆಯಬೇಕಾದದ್ದೇನೋ ಅದರಲ್ಲಿತ್ತು ಎಂಬುದು ಊರಿಗೆ ಖಚಿತವಾಯಿತು. ಮಾಡಿಸಿದವನೇ ಒಪ್ಪಿಕೊಂಡ ಹಾಗಾಯಿತಲ್ಲ ಎಂದು ಚಹಾದಂಗಡಿಯಲ್ಲಿ ತೀರ್ಮಾನವಾಯಿತು. ಸಲಹೆ ಕೊಟ್ಟ ಸರ್ವೋತ್ತಮನಿಗೆ ಇದು ಮೊದಲೇ ಹೊಳೆದಿರಲಿಲ್ಲವೇ ಎಂದು ಕೇಳಿದರೆ, ಹೊಳೆದಿತ್ತು.

ಅಚ್ಚುತ ಸಂತೋಷದಿಂದ ಮಾಡಿನ ಬಳಿ ಬಂದಾಗ ಅಲ್ಲಿ ನಲವತ್ತು ಖಾಲಿ ಟ್ಯಾಂಕುಗಳನ್ನು ಇಳಿಸಲಾಗಿತ್ತು. ಮಳೆಗಾಲದಲ್ಲಿ ನೀರಿನ ಟ್ಯಾಂಕು ಕೊಳ್ಳುವವರಿಲ್ಲ. "ಕಂಪೆನಿಯವರು ಕಳಿಸಿ ಬಿಟ್ರು, ಎಂತ ಮಾಡುದು" ಎಂದ ಸರ್ವೋತ್ತಮ, ಮುಖದಲ್ಲಿ ನಿಜವಾದ ದುಃಖ ತೋರಿಸಿ.

ಅಲ್ಲಿಂದ ಅಚ್ಚುತ ಹರಿಣಾಕ್ಷಿಯ ಬಳಿ ಹೋದ. ಸೇತುವೆಯಿಂದ ಏಳು ನಿಮಿಷದ ದೂರದಲ್ಲಿ ಆಕೆಯ ಮದುವೆ ಹಾಲ್. ಹಿಂದುಗಡೆ ಅಡುಗೆ ಪಾತ್ರೆ ತೊಳೆಯುವ ಜಾಗ ವಿಶಾಲವಾಗಿದೆ. ಏಪ್ರಿಲಿನಲ್ಲಿ ಆಕೆಯೇ, ಬೇಕಾದರೆ ಅಲ್ಲಿ ಇಡು ಎಂದಿದ್ದರು. ಆಕೆಯ ಮೈದುನನನ್ನು ಹೊಳೆಯಿಂದ ತಂದದ್ದೂ ಇದೇ ದೋಣಿ. ಈಗ ಆಕೆ ಅವನಿಗೆ ಕುರ್ಚಿ ಹಾಕಿಸಿದರು, ಬಾದಾಮಿ ಹಾಲು ತರಿಸಿದರು, ಮಗಳು ಪೂಜಿತಾಳಿಗೆ ಗಂಡು ನೋಡುತ್ತಿರುವ ಸಂಗತಿ ವಿವರವಾಗಿ ಹೇಳಿದರು. ದೋಣಿಯ ಮಾತು ಬರಲಿಲ್ಲ. ಕೊನೆಗೆ ಅವನೇ ಎತ್ತಬೇಕಾಯಿತು.

"ನಿನ್ನ ಮೇಲೆ ನಮಗೆ ಎಂತ ಇಲ್ಲ ಅಚ್ಚುತ," ಎಂದರು ಹರಿಣಾಕ್ಷಿ. "ನೀನು ದೇವರಂತ ಮನುಷ್ಯ. ಆದ್ರೆ ನೀನೇ ಶುದ್ಧ ಮಾಡಿಸಿದ್ದು ಅಂದ್ಮೇಲೆ... ಮದುವೆಯ ಹಾಲ್ ಅಲ್ವಾ ಇದು."

"ಶುದ್ಧ ಆಯ್ತಲ್ಲ ಅಕ್ಕ ಈಗ."

"ಆಯ್ತು. ಆದ್ರೆ ಮಳೆಗಾಲ ಬಂತಲ್ಲ. ನಾಳೆ ಪುನಃ ಒಬ್ಬ ಬಿದ್ರೆ?"

ಮತ್ತೊಬ್ಬ ಬಿದ್ದರೆ ಬೇಕಾಗುತ್ತದೆ ಎಂದೇ ಅವನು ಜಾಗ ಕೇಳುತ್ತಿದ್ದದ್ದು. ಮತ್ತೊಬ್ಬ ಬಿದ್ದರೆ ಎಂದೇ ಅವರು ಕೊಡದಿದ್ದದ್ದು. ಬಾದಾಮಿ ಹಾಲು ಪೂರ್ತಿ ಕುಡಿದು ಎದ್ದು ಬಂದ, ಬಿಟ್ಟರೆ ಅವಮಾನವಾದೀತೆಂದು.

ಜೂನ್ ಮೊದಲ ವಾರ ದೋಣಿಯನ್ನು ಸೇತುವೆಯ ಬದಿಯ ರಸ್ತೆಯಂಚಿನಲ್ಲೇ ಟಾರ್ಪಾಲು ಹೊದಿಸಿ ನಿಲ್ಲಿಸಿದ. ಮೂರನೆಯ ಬೆಳಿಗ್ಗೆ ಟ್ರೈಲರಿನ ಒಂದು ಟಯರನ್ನು ಯಾರೋ ಕೊಯ್ದಿದ್ದರು. ಹೊಸದು ಹಾಕಿದ. ಆರನೆಯ ಬೆಳಿಗ್ಗೆ ಎರಡನ್ನೂ ಕೊಯ್ದಿದ್ದರು. ದೋಣಿಯೊಳಗೆ ಕುಂಕುಮ ಹಚ್ಚಿ ಕತ್ತರಿಸಿದ ಲಿಂಬೆ ಹೋಳುಗಳು. ಯಾರು ಎಂದು ಅವನು ಕೇಳಲಿಲ್ಲ. ಹೋಳುಗಳನ್ನು ಹೆಕ್ಕಿ ಹೊಳೆಗೆ ಹಾಕಿದ.

ಕೊನೆಗೆ ರಾಜೀವಿಯೇ ತನ್ನ ಅಣ್ಣ ಶ್ಯಾಮನಿಗೆ ಫೋನು ಮಾಡಿದಳು. ಶ್ಯಾಮನದು ಗುತ್ತಿಗಾರಿನ ಆಚೆ, ಕಾಡಿನಂಚಿನಲ್ಲಿ ರಬ್ಬರು ತೋಟ. ರಬ್ಬರು ಶೀಟನ್ನು ಹೊಗೆಗಿಟ್ಟು ಒಣಗಿಸುವ ಹಳೆಯ ಕೋಣೆಯೊಂದು ಖಾಲಿ ಬಿದ್ದಿತ್ತು. ಅಲ್ಲಿ ನೆರೆಮನೆಯಿಲ್ಲ, ಮದುವೆ ಹಾಲ್ ಇಲ್ಲ. ಬರುವುದಿದ್ದರೆ ಆನೆ, ಅದು ಪುಣ್ಯಾಹ ಆಗಿದೆಯೋ ಎಂದು ವಿಚಾರಿಸುವುದಿಲ್ಲ. ಸೇತುವೆಗೆ ಐವತ್ತು ನಿಮಿಷ. ದೋಣಿಯನ್ನು ಬಿಟ್ಟು ಬರುವಾಗ ದಾರಿಯುದ್ದಕ್ಕೂ ಅಚ್ಚುತ ಗಡಿಯಾರ ನೋಡುತ್ತಿದ್ದ. ಕಡಬ ತಲುಪಿದ ಮೇಲೆ ಅದನ್ನು ಕಳಚಿ ಕಿಸೆಗೆ ಹಾಕಿದ.

ಜುಲೈ ಮೂರನೆಯ ವಾರ ಹೊಳೆ ಸೇತುವೆಯ ಕೆಳಗಿನ ತಗ್ಗು ರಸ್ತೆಯ ಮೇಲೆ ಬಂತು. ಬೆಳಿಗ್ಗೆ ಹನ್ನೊಂದು ಗಂಟೆಗೆ ಫಾರಿಸ್ ಎಂಬ, ಪುತ್ತೂರಿನಿಂದ ಪಾರ್ಸೆಲು ತರುವ ಇಪ್ಪತ್ತಾರರ ಯುವಕ, ನೀರು ಮೊಣಕಾಲಿಗಿದೆ ಎಂದು ತಿಳಿದು ಬೈಕು ನುಗ್ಗಿಸಿದ. ಬೈಕು ಹೋಯಿತು. ಅವನು ದಡದಿಂದ ಅರುವತ್ತು ಮೀಟರು ಆಚೆ, ನೆರೆಯಲ್ಲಿ ಮುಳುಗಿದ ಹೊಳೆಯಂಚಿನ ಹೊನ್ನೆ ಮರವೊಂದನ್ನು ಅಪ್ಪಿಕೊಂಡ. ಹಳದಿ ಮಳೆಕೋಟು ದೂರಕ್ಕೂ ಕಾಣುತ್ತಿತ್ತು.

ಫೋನು ಬಂದ ಒಂಬತ್ತನೆಯ ನಿಮಿಷಕ್ಕೆ ಅಚ್ಚುತ ಸೇತುವೆಯ ಬಳಿ ಇದ್ದ. ಶ್ಯಾಮ ಜೀಪಿಗೆ ಟ್ರೈಲರ್ ಸಿಕ್ಕಿಸಿ ಹೊರಟಿದ್ದ. ಅಗ್ನಿಶಾಮಕದವರೂ ದಾರಿಯಲ್ಲಿದ್ದರು, ನೀರು ನಿಂತ ರಸ್ತೆಯಲ್ಲಿ ಸಿಕ್ಕಿಕೊಂಡು. ಇನ್ನೂರು ಜನ ಸೇರಿದ್ದರು. ಮಳೆ ಜೋರಾದ್ದರಿಂದ ಅವರಲ್ಲಿ ಮೂವತ್ತು ಮಂದಿ ಸರ್ವೋತ್ತಮನ ಮಾಡಿನ ಕೆಳಗೆ ನಿಂತಿದ್ದರು. ಟ್ಯಾಂಕುಗಳನ್ನು ಜೂನಿನಲ್ಲೇ ಕಂಪೆನಿಗೆ ಮರಳಿಸಿಯಾಗಿತ್ತು. ಜಾಗ ಧಾರಾಳ ಇತ್ತು. ಅಲ್ಲಿಂದ ಹಳದಿ ಕೋಟು ಚೆನ್ನಾಗಿ ಕಾಣುತ್ತದೆ ಎಂದು ಒಬ್ಬ ಇನ್ನೊಬ್ಬನನ್ನು ಕರೆದ.

ಅಚ್ಚುತ ಆ ಕಡೆ ನೋಡಲಿಲ್ಲ. ಹಗ್ಗ ಕೇಳಿದ. ಸರ್ವೋತ್ತಮ ಒಳಗಿನಿಂದ ಹೊಸ ನೈಲಾನ್ ಹಗ್ಗದ ಸುರುಳಿಯನ್ನೇ ತಂದುಕೊಟ್ಟ. ಅಚ್ಚುತ ಅದನ್ನು ಸೊಂಟಕ್ಕೆ ಕಟ್ಟಿಕೊಂಡು, ಸಿದ್ದೀಕನ ಕೈಗೆ ಇನ್ನೊಂದು ತುದಿ ಕೊಟ್ಟು ನೀರಿಗಿಳಿದ. ಮೊದಲ ಸಲ ನೀರು ಅವನನ್ನು ಸೇತುವೆಯ ಕಂಬಕ್ಕೆ ಬಡಿದು ಹಿಂದೆ ಕೊಟ್ಟಿತು. ಎರಡನೆಯ ಸಲ ಮರಕ್ಕೆ ಹತ್ತು ಮಾರು ಉಳಿದಿರುವಾಗ ತೇಲಿ ಬಂದ ಬಿದಿರಿನ ಮೆಳೆ ಪಕ್ಕೆಗೆ ಹೊಡೆಯಿತು. ಸಿದ್ದೀಕ್ ಎಳೆದುಕೊಂಡ. ಎರಡು ಪಕ್ಕೆಲುಬು ಮುರಿದದ್ದು ಅವತ್ತು ಸಂಜೆ ಗೊತ್ತಾಯಿತು.

ಹತ್ತು ಮಾರಿನ ದೂರದಿಂದ ಫಾರಿಸ್ ಅವನೊಡನೆ ಮಾತಾಡಿದ್ದ. ಅಚ್ಚುತನ ಬಲಗಿವಿಗೆ ಅದು ಸ್ಪಷ್ಟವಾಗಿ ಕೇಳಿತ್ತು.

"ಕಾಕಾ, ದೋಣಿ ಉಂಟಾ?"

"ಉಂಟು. ಬರ್ತಾ ಉಂಟು. ಬಿಡ್ಬೇಡ."

ಅವನು ಬಿಡಲಿಲ್ಲ. ನಲವತ್ತೊಂದು ನಿಮಿಷ ಹಿಡಿದುಕೊಂಡಿದ್ದ. ಮೊಬೈಲಿನಲ್ಲಿ ತೆಗೆದವರ ಬಳಿ ಮೊದಲಿಂದ ಕೊನೆಯವರೆಗೆ ಇದೆ. ಮರವೇ ಬೇರು ಕಿತ್ತು ಮಗುಚಿತು. ಅದಾದ ಇಪ್ಪತ್ತು ನಿಮಿಷಕ್ಕೆ ಶ್ಯಾಮನ ಜೀಪು ದೋಣಿಯನ್ನು ಎಳೆದುಕೊಂಡು ಜನರ ನಡುವೆ ಹಾರ್ನು ಹೊಡೆಯುತ್ತ ಬಂತು.

ಜನ ದಾರಿ ಬಿಟ್ಟರು. ಮಾಡಿನಡಿಯಿಂದ ಒಬ್ಬರು, ಜಂಕ್ಷನ್ನಿನಲ್ಲಿ ಪ್ರಸಾದಕ್ಕೆ ಕೈ ಒಡ್ಡದೆ ಹೋದವರಲ್ಲಿ ಒಬ್ಬರು, ಬೇಸರದಿಂದ ಹೇಳಿದರು: "ದೋಣಿ ಇದ್ದು ಎಂತ ಪ್ರಯೋಜನ ಮಾರಾಯ್ರೆ. ಕೈಗೆ ಸಿಗುವಲ್ಲಿ ಇಡ್ಬೇಕಲ್ಲ. ಜವಾಬ್ದಾರಿ ಬೇಡ್ವಾ?" ಸುತ್ತಲಿನವರು ಹೌದೆಂದು ತಲೆಯಾಡಿಸಿದರು. ಸರ್ವೋತ್ತಮನ ತಲೆಯೂ ಆಡಿತು, ಅಭ್ಯಾಸಬಲ.

ಎರಡು ದಿನ ಬಿಟ್ಟು, ಪಕ್ಕೆಗೆ ಪಟ್ಟಿ ಕಟ್ಟಿಕೊಂಡೇ, ಅಚ್ಚುತ ಫಾರಿಸನನ್ನು ತಂದ. ಇಪ್ಪತ್ತನೆಯವನು. ಅವನ ತಾಯಿ ರಮ್ಲತ್ ಪುತ್ತೂರಿನಿಂದ ಬಂದು ದಡದಲ್ಲಿ ಕೂತಿದ್ದರು. ಅವರು ಬೈಯಬಹುದೆಂದು ಅಚ್ಚುತ ಕಾದು ನಿಂತ. ಅವರು ಅವನ ಎರಡೂ ಕೈ ಹಿಡಿದು ತಮ್ಮ ಕಣ್ಣಿಗೊತ್ತಿಕೊಂಡರು. ಬೈದಿದ್ದರೆ ತಡೆಯುತ್ತಿದ್ದ. ಇದನ್ನು ತಡೆಯಲಾಗದೆ ದೋಣಿಯ ಹಿಂದೆ ಹೋಗಿ ಕೂತ.

ಮಾರನೆಯ ದಿನ ಅಂಗಡಿಗೆ ಬಂದ. ಸರ್ವೋತ್ತಮ ಹೇಳಬೇಕಾದ ಮಾತುಗಳನ್ನು ಮೂರು ದಿನದಿಂದ ಜೋಡಿಸಿಟ್ಟಿದ್ದ. ಒಂದೂ ಬೇಕಾಗಲಿಲ್ಲ.

"ಹಗ್ಗ ಒದ್ದೆ ಆಗಿದೆ ಧನಿ," ಎಂದ ಅಚ್ಚುತ. "ಬಿಸಿಲು ಬಂದ್ಮೇಲೆ ಒಣಗಿಸಿ ತಂದು ಕೊಡ್ತೇನೆ."

ಅವನು ಕೇಳಿದ್ದರೆ ಸರ್ವೋತ್ತಮ ಅವತ್ತು ಮಾಡನ್ನು ಕೊಟ್ಟುಬಿಡುತ್ತಿದ್ದ. ಅವನು ಕೇಳಲಿಲ್ಲ. ಕೇಳದ್ದನ್ನು ಕೊಡುವುದು ಅಂಗಡಿಯವರಿಗೆ ರೂಢಿಯಿಲ್ಲ. ದೋಣಿ ಈಗಲೂ ಗುತ್ತಿಗಾರಿನ ಹೊಗೆಕೋಣೆಯಲ್ಲಿದೆ.

ಸೇತುವೆಯ ಬದಿಯಲ್ಲಿ, ಮಾಡಿನ ಕೆಳಗೆ, ಹದಿನಾಲ್ಕು ಅಡಿ ಉದ್ದ ಆರು ಅಡಿ ಅಗಲದ ಜಾಗ: ಸರ್ವೋತ್ತಮ ಅಚ್ಚುತನಿಗೆ ಕೊಡಬೇಕಾದದ್ದು ಅದು, ಇನ್ನೂ ಕೊಟ್ಟಿಲ್ಲ.