ಚಿಕ್ಕಬೋರಯ್ಯನ ಬದುವಿನ ಹುಲ್ಲು

ಕೊತ್ತತ್ತಿಯ ಭಾಗ್ಯಲಕ್ಷ್ಮಿ ಕುರಿ ಬಾಡು ಮಾರುವವಳು. ಆದರೆ ಬಾಡು ಜಾಸ್ತಿ ತಿನ್ನಬೇಡಿ ಎಂದು ಗಿರಾಕಿಗಳಿಗೆ ಬುದ್ಧಿ ಹೇಳುವವಳೂ ಅವಳೇ. ಇಂಥ ವ್ಯಾಪಾರವನ್ನು ಎಲ್ಲಾದರೂ ಕಂಡಿದ್ದೀರಾ? ಪ್ರತಿ ಶುಕ್ರವಾರ ಸಂಜೆ ಕುರಿಗಳನ್ನು ರೊಪ್ಪಕ್ಕೆ ಕೂಡಿದ ಮೇಲೆ ಫೋನನ್ನು ಬಾಯಿಗೆ ಹತ್ತಿರ ಹಿಡಿದು, ಮಂಡ್ಯ, ಮದ್ದೂರಿನ ಗಿರಾಕಿಗಳ ವಾಟ್ಸಾಪ್ ಗುಂಪಿಗೆ ಆ ವಾರದ 'ಮಂದೆ ಸುದ್ದಿ'ಯನ್ನು ತನ್ನ ಧ್ವನಿಯಲ್ಲೇ ಕಳಿಸುತ್ತಾಳೆ.

"ನಮಸ್ಕಾರ ಕಣ್ರಪ್ಪ, ಕೊತ್ತತ್ತಿ ಭಾಗ್ಯ ಮಾತಾಡ್ತಿರೋದು. ಈ ವಾರ ನಮ್ಮ ಕುರಿ ನಾಲೆ ಏರಿ ಮೇಲೆ ಮೇಯ್ದವೆ. ಚುಕ್ಕಿ ಕುರಿ ಮರಿ ಆಕದೆ. ಮೂಟೆ ತಿಂಡಿ ಒಂದ್ ಇಡೀನೂ ಕೊಟ್ಟಿಲ್ಲ. ಸಾರ್ಗೆ ಎಣ್ಣೆ ಸುರೀಬ್ಯಾಡಿ, ಕುರಿ ಕೊಬ್ಬೇ ಸಾಕು. ದಿನಾ ಬಾಡು ಬ್ಯಾಡ, ವಾರಕ್ಕೊಂದ್ ಸಲ ಸಾಕು. ಮಿಕ್ಕ ದಿನ ಸೊಪ್ಪು ತಿನ್ನಿ."

ಗಂಡ ಮಹದೇವು ಮೊದಮೊದಲು ಹಣೆ ಚಚ್ಚಿಕೊಂಡ. "ಅಲ್ಲಾ ಕಣಮ್ಮಿ, ಬ್ರಾಂದಿ ಅಂಗ್ಡಿಯೋನು ಕುಡೀಬ್ಯಾಡಿ ಅಂತ ಬೋರ್ಡು ಆಕಂಡಂಗಾಯ್ತು ನಿನ್ ಕತೆ!" ಎಂದ. ಆದರೆ ಆ ಮಾತಿಗೇ ಜನ ಸೇರಿದರು. ಸಕ್ಕರೆ ಕಾಯಿಲೆಯವರು, ಬಾಣಂತಿ ಸೊಸೆಯಿರುವವರು, ಮೇಷ್ಟರುಗಳು, ಎಲ್ಲರೂ ಅವಳ ಸುದ್ದಿ ಕೇಳಿಯೇ ಭಾನುವಾರಕ್ಕೆ ಬಾಡು ಬೇಕೆಂದು ಹೇಳಿಕಳಿಸುತ್ತಿದ್ದರು.

ಭಾಗ್ಯಳ ತವರು ಮಳವಳ್ಳಿ ಕಡೆ, ಬಂಡೂರು ಕುರಿಯ ಸೀಮೆ. ಗಿಡ್ಡ ಕಾಲು, ದುಂಡು ಮೈ, ಮೆತ್ತಗಿನ ಮಾಂಸ. ಮದುವೆಯಲ್ಲಿ ಅವಳಪ್ಪ ಬಳುವಳಿಯಾಗಿ ಎರಡು ಹೆಣ್ಣುಕುರಿ ಕೊಟ್ಟಿದ್ದ. ಅತ್ತೆ ದೊಡ್ಡತಾಯಮ್ಮ ಅವನ್ನು ನೋಡಿ, "ಚಿನ್ನ ತತ್ತಾಳೆ ಅಂದ್ಕಂಡ್ರೆ ಕುರಿ ಪಿಚಿಕೆ ತಂದವ್ಳೆ" ಎಂದು ಮೂತಿ ತಿರುವಿದ್ದಳು. ಆ ಎರಡೇ ಈಗ ಮಂದೆಯಾಗಿವೆ. ಅತ್ತೆಯೇ ಈಗ ಬೊಚ್ಚು ಬಾಯಲ್ಲಿ ಕುರಿಗಳಿಗೆಲ್ಲ ಹೆಸರಿಟ್ಟು ಕರೆಯುತ್ತಾಳೆ. ಭಾನುವಾರ ನಸುಕಿಗೆ ಮಂಡ್ಯದಿಂದ ಗೌಸ್ ಪೀರ್ ಬಂದು ಬಿಸ್ಮಿಲ್ಲಾ ಹೇಳಿ ಕೊಯ್ದು ಪಾಲು ಮಾಡಿಕೊಡುತ್ತಾನೆ. ಮಹದೇವು ಗೂಡ್ಸ್ ಆಟೋದಲ್ಲಿ ಮನೆಮನೆಗೆ ಮುಟ್ಟಿಸುತ್ತಾನೆ. ಎಲ್ಲವೂ ಹೀಗೆ ಸಲೀಸಾಗಿ ನಡೆಯುತ್ತಿತ್ತು.

ಈ ಬೇಸಿಗೆಯ ಒಂದು ಮಂಗಳವಾರ ಅದಕ್ಕೆ ಗ್ರಹಣ ಹಿಡಿಯಿತು.

ಹಿಂದಿನ ಗುರುವಾರ ನಾಲೆಯಲ್ಲಿ ಜೆಸಿಬಿ ಹೂಳೆತ್ತುತ್ತಿತ್ತು. ಏರಿಯ ಮೇಲೆ ಕುರಿ ಹೊಡೆಯುವಂತಿರಲಿಲ್ಲ. ಭಾಗ್ಯ ಕುಡುಗೋಲು ಹಿಡಿದು ಚಿಕ್ಕಬೋರಯ್ಯನ ಕಬ್ಬಿನ ಗದ್ದೆಗೆ ಹೋದಳು. ಅವನ ಬೋರ್‌ವೆಲ್ಲಿನ ನೀರಿಗೆ ಬದು ಹಸಿರಾಗಿ ಸೊಂಪಾಗಿತ್ತು. ಒಂದು ದೊಡ್ಡ ಹೊರೆ ಕೊಯ್ದು ತಂದಳು. ಕೇಳಲಿಲ್ಲ. ಆ ಊರಲ್ಲಿ ಬದುವಿನ ಹುಲ್ಲನ್ನು ಯಾರೂ ಕೇಳಿ ಕೊಯ್ಯುವುದಿಲ್ಲ. ಬೆಳೆ ಗದ್ದೆಯವನದು, ಹುಲ್ಲು ಕುಡುಗೋಲು ತಂದವರದು. ಕೇಳಿದರೆ ಗದ್ದೆಯವನಿಗೇ ಅವಮಾನ, ನಾನೇನು ಹುಲ್ಲಿಗೂ ಲೆಕ್ಕ ಹಾಕುವವನಾ ಎಂದು ರೇಗುತ್ತಾನೆ. ಭಾನುವಾರಕ್ಕೆಂದು ಕಟ್ಟಿದ್ದ ಟಗರು ಶುಕ್ರವಾರ, ಶನಿವಾರ ಎರಡು ದಿನವೂ ಅದೇ ಹುಲ್ಲನ್ನು ತಿಂದಿತು.

ಮಂಗಳವಾರ ಬೆಳಿಗ್ಗೆ ಇನ್ನೊಂದು ಹೊರೆಗೆಂದು ಹೋದವಳು ಗದ್ದೆಯ ಅಂಚಿನಲ್ಲೇ ನಿಂತುಬಿಟ್ಟಳು. ಬದುವಿಗೆ ಬದುವೇ ಹಳದಿ! ಅವಳು ಕೊಯ್ದ ಜಾಗದ ಮೋಟುಗಳೂ ಬಣ್ಣಗೆಟ್ಟಿದ್ದವು. ಬಿಸಿಲಿಗೆ ಒಣಗಿದ ಹುಲ್ಲಲ್ಲ ಇದು. ಕಳೆ ಔಷಧಿ ಹೊಡೆದ ಹುಲ್ಲು. ಆ ಔಷಧಿಯ ಗುಣವೇ ಹಾಗೆ, ಹೊಡೆದ ದಿನ ಏನೂ ಕಾಣದು, ನಾಲ್ಕೈದು ದಿನಕ್ಕೆ ಹಳದಿ ತಿರುಗುತ್ತದೆ. ಭಾಗ್ಯಳ ಎದೆ ಧಸಕ್ಕೆಂದಿತು. ತಾನು ಕೊಯ್ಯುವ ಮೊದಲೇ ಹೊಡೆದಿದ್ದರೆ? ಆ ಟಗರಿನ ಹೊಟ್ಟೆಗೆ ಹೋದದ್ದು ಏನು? ಅದರ ಬಾಡು ಹೋದದ್ದು ಯಾರ್ಯಾರ ಮನೆಗೆ?

ಯಾರ್ಯಾರ ಮನೆ ಎಂದುಕೊಂಡ ಕೂಡಲೇ ವೀಣಳ ಮನೆ ಕಣ್ಣ ಮುಂದೆ ಬಂತು.

ವೀಣ ಮಂಡ್ಯದ ಸೊಸೈಟಿಯೊಂದರಲ್ಲಿ ಗುಮಾಸ್ತೆ. ಅವಳ ಮಗಳು ನಾಗಶ್ರೀ, ಐದು ವರ್ಷದ ಕೂಸು, ದೊಡ್ಡ ಜ್ವರದಲ್ಲಿ ಬಿದ್ದೆದ್ದು ಬಿಳಿಚಿಕೊಂಡಿತ್ತು. ಮೈಯಲ್ಲಿ ರಕ್ತವಿಲ್ಲ, ಚೆನ್ನಾಗಿ ತಿನ್ನಿಸಿ ಎಂದು ಡಾಕ್ಟರು ಹೇಳಿದ್ದರಂತೆ. ವೀಣ ಕೊತ್ತತ್ತಿಗೇ ಬಂದು, ಕುರಿ ಮೇಯುವುದನ್ನು ಕಣ್ಣಾರೆ ಕಂಡು, "ಅಕ್ಕ, ನಿಮ್ಮ ಮಾತು ನಂಬಿ ಮಗು ಬಾಯಿಗೆ ಇಡ್ತೀನಿ" ಎಂದಿದ್ದಳು. ಅಂದಿನಿಂದ ಪ್ರತಿ ಭಾನುವಾರ ಈಲಿಯೂ, ಅಂದರೆ ಲಿವರೂ, ಕಾಲೂ ಆ ಮನೆಗೇ ಮೀಸಲು. ಈಲಿ ಅಂದೇ ಮುಗಿಯುತ್ತದೆ. ಕಾಲಿನ ಸೂಪನ್ನು ಫ್ರಿಜ್ಜಿನಲ್ಲಿಟ್ಟು ಬುಧವಾರದ ತನಕ ದಿನಕ್ಕೊಂದು ಲೋಟ ಕುಡಿಸುತ್ತಾಳೆ. ಅಂದರೆ ಇವತ್ತೂ ಕುಡಿಸುತ್ತಾಳೆ.

ಓಡೋಡಿ ಚಿಕ್ಕಬೋರಯ್ಯನ ಮನೆಗೆ ಹೋದರೆ ಬೀಗ. ಒಂಟಿ ಮನುಷ್ಯ, ಆತಗೂರಿನ ಮಗಳ ಮನೆಗೆ ಹೋಗಿದ್ದಾನೆಂದು ಪಕ್ಕದವರು ಹೇಳಿದರು. ಫೋನು ಮಾಡಿದರೆ ಬಾಗಿಲ ಹಿಂದೆಯೇ ರಿಂಗಾಯಿತು. ಫೋನನ್ನು ಗೂಡಿನಲ್ಲಿಟ್ಟು ಊರಿಗೆ ಹೋಗುವ ಪುಣ್ಯಾತ್ಮ! ಭಾಗ್ಯ ಬೀಗವನ್ನೇ ಶಪಿಸಿ ಮನೆಗೆ ಬಂದಳು.

ಮಹದೇವು ಆಟೋ ಒರೆಸುತ್ತಿದ್ದ. ವಿಷಯ ಕೇಳಿ ಅವನ ಮುಖವೂ ಸುಟ್ಟ ಬದನೆಕಾಯಿಯಾಯಿತು. ಆದರೂ ಧೈರ್ಯ ತೋರಿಸಿದ. "ಸುಮ್ಕಿರು. ನಾನೀಗ್ಲೇ ಆತಗೂರ್ಗೆ ಓಗಿ ಕೇಳ್ಕಂಡ್ ಬತ್ತೀನಿ. ಅಲ್ಲಿಗಂಟ ಯಾರ್ಗೂ ಫೋನ್ ಮಾಡ್ಬ್ಯಾಡ. ಕುಂಬಳಕಾಯಿ ಕಳ್ಳ ಅಂದ್ರೆ ಎಗ್ಲು ಮುಟ್ಟಿ ನೋಡ್ಕಂಡ್ನಂತೆ. ಅಂಗಾಯ್ತದೆ."

"ಮಗೀಗೆ ಏನಾರ ಆದ್ರೆ?"

"ಏನೂ ಆಗಕಿಲ್ಲ ಕಣೆ. ಟಗರು ಚೆಂದಾಗೇ ಇತ್ತಲ್ಲ."

ಅವನು ಹೊರಟ ಮೇಲೆ ಭಾಗ್ಯ ಗೌಸ್ ಪೀರನಿಗೆ ಫೋನು ಮಾಡಿದಳು. "ಈಲಿ ಎಂಗಿತ್ತಪ್ಪ? ಬಣ್ಣ ಗಿಣ್ಣ ಏನಾರ ಕೆಟ್ಟಿತ್ತಾ?"

"ಒಳ್ಳೆ ಕೆಂಪಗಿತ್ತು ಭಾಗ್ಯಕ್ಕ. ಯಾಕೆ?" ಎಂದ ಅವನು, ವಿಷಯ ತಿಳಿದುಕೊಂಡು ಮತ್ತೆ ಹೇಳಿದ. "ನೋಡಾಕೆ ಚೆನ್ನಾಗಿತ್ತು ಅಂತ ಖುದಾನ ಮುಂದೆನೂ ಹೇಳ್ತೀನಿ. ಔಷಧಿ ಹೊಕ್ಕಿತ್ತಾ ಅಂದ್ರೆ ಅದು ನನ್ ಕಣ್ಗೆ ಕಾಣಲ್ಲಕ್ಕ. ನಮ್ಮನೇಲೂ ಅದೇ ಬಾಡು ಉಂಡಿದೀವಿ."

ಅವನ ಮನೆಯವರಿಗೂ! ಭಾಗ್ಯ ಒಲೆ ಹೊತ್ತಿಸಿದಳು, ಎಸರಿಗೆ ಹಿಟ್ಟು ಹಾಕಲು ಮರೆತಳು. ಕುರಿಗಳು ಹಸಿದು ಅರಚುತ್ತಿದ್ದವು. ಮೇವು ಹಾಕಲು ಹೋದರೆ ಯಾವ ಹುಲ್ಲನ್ನು ಮುಟ್ಟುವುದಕ್ಕೂ ಕೈ ಬಾರದು. ಹೇಳಿದರೆ ಇಷ್ಟು ವರ್ಷದ ಹೆಸರು ಹೋಗುತ್ತದೆ. ಹೇಳದಿದ್ದರೆ ಆ ಮಗು ಮಧ್ಯಾಹ್ನ ಇನ್ನೊಂದು ಲೋಟ ಕುಡಿಯುತ್ತದೆ. ಮಹದೇವುವಿನ ಫೋನು ಬಂದರೆ ಸಾಕು, ದೇವರೇ, ಬೇಗ ಬರಲಿ ಎಂದು ಫೋನನ್ನೇ ದಿಟ್ಟಿಸುತ್ತಾ ಕೂತಳು.

ಬಂತು. "ಬೋರಯ್ಯ ಮಾವ ಇಲ್ಲಿಲ್ಲ ಕಣಮ್ಮಿ! ಅಳಿಯನ ಜೊತೆ ಬೆಳಿಗ್ಗೇನೇ ಮಳವಳ್ಳಿ ಆಚೆ ಬ್ಲಫ್‌ಗೆ ಓಗವ್ನಂತೆ, ಯಾರೋ ನೆಂಟ್ರು ಮನೇಗೆ. ಅಳಿಯನ ಫೋನು ಸ್ವಿಚ್ ಆಫು. ನಾನು ಅಲ್ಲಿಗೇ ಓಯ್ತೀನಿ. ನೀನು ಮಾತ್ರ ಬಾಯ್ ಬುಡಬ್ಯಾಡ."

ಆತಗೂರೆಲ್ಲಿ, ಬ್ಲಫ್ ಎಲ್ಲಿ! ಅವನು ಅಲ್ಲಿಗೆ ಮುಟ್ಟುವಷ್ಟರಲ್ಲಿ ಊಟದ ಹೊತ್ತು ಮೀರುತ್ತದೆ. ಜಗಲಿಯಲ್ಲಿ ಕೂತಿದ್ದ ದೊಡ್ಡತಾಯಮ್ಮ ಎಲ್ಲ ಕೇಳಿಸಿಕೊಂಡಿದ್ದಳು. ಎಲೆ ಅಡಿಕೆ ಕುಟ್ಟುವುದನ್ನು ನಿಲ್ಲಿಸಿ ಸೊಸೆಯ ಕಡೆ ನೋಡಿದಳು.

"ಏನ್ ಮಾಡ್ಲಿ ಅತ್ತೆ?"

"ನನ್ನೇನ್ ಕೇಳೀಯೆ? ಕೂಸು ನಿನ್ ಮೊಮ್ಮಗು ಆಗಿದ್ರೆ ಇಷ್ಟೊತ್ಗಂಟ ಕುಂತಿರ್ತಿದ್ದಾ?"

ಭಾಗ್ಯ ವೀಣಳಿಗೆ ಫೋನು ಮಾಡಿದಳು.

"ವೀಣವ್ವ, ಮಗೀಗೆ ಸೂಪು ಕೊಟ್ಯಾ? ಕೊಡಬ್ಯಾಡ ಕಣವ್ವ, ಚೆಲ್ಬುಡು" ಎಂದು ಶುರು ಮಾಡಿದವಳು ತಡವರಿಸುತ್ತ, ಬೆವರೊರೆಸಿಕೊಳ್ಳುತ್ತ ಎಲ್ಲವನ್ನೂ ಹೇಳಿದಳು. ಬದು, ಹೊರೆ, ಹಳದಿ, ಚಿಕ್ಕಬೋರಯ್ಯನ ಬೀಗ. ಯಾವುದು ಗೊತ್ತು, ಯಾವುದು ಗೊತ್ತಿಲ್ಲ ಎಂಬುದನ್ನೂ ಹೇಳಿದಳು.

ಆ ಕಡೆಯಿಂದ ವೀಣಳ ಧ್ವನಿ ಸಣ್ಣಗೆ ಬಂತು. "ಅಕ್ಕ, ನಾಗು ಬೆಳಿಗ್ಗೆಯಿಂದ ಹೊಟ್ಟೆನೋವು ಅಂತ ಒದ್ದಾಡ್ತಾ ಇದಾಳೆ. ಒಂದು ಸಲ ವಾಂತಿನೂ ಮಾಡಿದ್ಲು."

ಫೋನು ಕಟ್ಟಾಯಿತು. ಭಾಗ್ಯಳ ಜೀವ ಬಾಯಿಗೆ ಬಂದಿತ್ತು. ಮತ್ತೆ ಮಾಡಿದಳು, ಎತ್ತಲಿಲ್ಲ. ಮಗುವನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿರಬೇಕು. ಇನ್ನು ಮಹದೇವು ಹೇಳಿದ್ದನ್ನು ಕೇಳಿ ಕೂರಲು ಅವಳಿಂದಾಗಲಿಲ್ಲ. ಶುಕ್ರವಾರವಲ್ಲದ ದಿನ, ಸುದ್ದಿಯ ಹೊತ್ತಲ್ಲದ ಹೊತ್ತಿನಲ್ಲಿ ಗುಂಪಿಗೆ ಮಾತಾಡಿದಳು.

"ನಮಸ್ಕಾರ ಕಣ್ರಪ್ಪ. ಭಾನುವಾರದ ಬಾಡು ಯಾರ ಮನೇಲಾದ್ರೂ ಉಳಿದಿದ್ರೆ ತಿನ್ಬ್ಯಾಡಿ. ಟಗರಿಗೆ ಆಕಿದ ಉಲ್ಲಿಗೆ ಕಳೆ ಔಸ್ದಿ ಒಡ್ದಿದ್ರೋ ಏನೋ ಅಂತ ಅನುಮಾನ ಅದೆ. ಗೊತ್ತಾದ್ ತಕ್ಷಣ ಯೋಳ್ತೀನಿ. ಕೇಳ್ದಲೆ ಕುಯ್ದಿದ್ದು ನಂದೇ ತಪ್ಪು."

ಅಬ್ಬಾ, ಆಮೇಲೆ ಆ ಗುಂಪಿನಲ್ಲಿ ಎದ್ದ ಗದ್ದಲ! "ಇದೇನಾ ನಿಮ್ಮ ಆರೋಗ್ಯದ ಬಾಡು?" ಎಂದೊಬ್ಬರು. "ನಮ್ಮ ತಾಯಿಗೆ ಸಕ್ಕರೆ ಕಾಯಿಲೆ, ಏನಾದರೂ ಆದರೆ ನೀವೇ ಜವಾಬ್ದಾರಿ" ಎಂದು ಮದ್ದೂರಿನ ಅಶೋಕ್ ಮೇಷ್ಟರು. ಕೆಲವರು ಗುಂಪಿನಿಂದಲೇ ಹೊರಬಿದ್ದರು. ಭಾಗ್ಯ ರೊಪ್ಪದ ಕಂಬಕ್ಕೆ ಒರಗಿ ವೀಣಳ ನಂಬರನ್ನು ಒತ್ತುತ್ತಲೇ ಇದ್ದಳು.

ಬಿಸಿಲು ಇಳಿಯುವಾಗ ಮಹದೇವುವಿನ ಆಟೋ ಬಂದು ನಿಂತಿತು. ಹಿಂದಿನ ಕಟಕಟೆ ಹಿಡಿದುಕೊಂಡು ಚಿಕ್ಕಬೋರಯ್ಯ ಇಳಿದ. ದಾರಿಯುದ್ದಕ್ಕೂ ಬೈಸಿಕೊಂಡು ಬಂದವನಂತೆ ಅವನ ಮೋರೆ ಗಂಟಿಕ್ಕಿತ್ತು.

"ಬೋರಯ್ಯ ಮಾವ, ಔಸ್ದಿ ಯಾವತ್ತು ಒಡ್ದೆ?" ಭಾಗ್ಯ ಅವನ ಎದುರಿಗೇ ಹೋಗಿ ನಿಂತಳು.

"ಗುರುವಾರ."

ಭಾಗ್ಯ ತಲೆ ಮೇಲೆ ಕೈ ಹೊತ್ತು ಕೂತಳು.

"ಅಯ್ಯೋ, ಪೂರ್ತಿ ಕೇಳಮ್ಮಿ! ನೀನು ಕುಯ್ಕಂಡ್ ಓದ್ಮೇಲೆ ಒಡ್ದಿದ್ದು. ನಾನು ಕ್ಯಾನು ಬೆನ್ಗಾಕಂಡ್ ಬಂದೆ. ನೀನು ಬದಿನ ಮೇಲೆ ಬಗ್ಗಿ ಕುಯ್ತಾ ಇದ್ದೆ. ಒರೆ ಎತ್ಕಂಡ್ ಓಗ್ಲಿ ಅಂತ ಬೇವಿನ ಮರದ ಮರೇಲಿ ಕುಂತಿದ್ದೆ. ನೀನು ಅತ್ಲಾಗೆ ಓದ್ ಮೇಲೆ ಒಡ್ದೆ. ಒಂದ್ ಅನೀನೂ ನಿನ್ ಉಲ್ಗೆ ಬಿದ್ದಿಲ್ಲ. ಬೇಕಾದ್ರೆ ಮಾದಪ್ಪನ ಮೇಲಾಣೆ."

"ನೀ ಬಂದಿದ್ದು ನಂಗೊಂದ್ ಮಾತು ಯೋಳ್ಬಾರ್ದಿತ್ತಾ!" ಭಾಗ್ಯ ಕಿರುಚಿದಳು. "ಬೆಳಿಗ್ಗೆಯಿಂದ ಸತ್ತು ಉಟ್ಟಿದೀನಿ ಕಣೋ ಮಾವ!"

ಚಿಕ್ಕಬೋರಯ್ಯ ತಬ್ಬಿಬ್ಬಾದ. "ಯೋಳುದ್ರೆ ನೀನು ಅರ್ಧ ಒರೇಗೇ ಎದ್ದು ಓಯ್ತಿದ್ದೆ. ನಾಲೆ ಕಡೆ ಮೇವಿಲ್ಲ, ಇನ್ನೊಂದೆಲ್ಡ್ ಕೈ ಜಾಸ್ತಿ ಕುಯ್ಕಳ್ಲಿ ಅಂತ ಸುಮ್ಕಿದ್ದೆ ಕಣವ್ವ" ಎಂದ.

ಇವಳು ಕೇಳಲಿಲ್ಲ, ಅವನು ಹೇಳಲಿಲ್ಲ. ಎರಡೂ ಒಳ್ಳೆಯತನವೇ. ಬೈಯೋಣವೆಂದರೆ ಯಾರನ್ನು ಬೈಯುವುದು! ಭಾಗ್ಯ ಗುಂಪಿಗೆ ನಿಜ ಸಂಗತಿ ಹೇಳಿದಳು. ಒಬ್ಬಿಬ್ಬರು ಮಾತ್ರ ಕೈ ಮುಗಿದ ಚಿತ್ರ ಕಳಿಸಿದರು. ಬೆಳಿಗ್ಗೆ ಕೆಟ್ಟಿತ್ತು ಅಂದವಳು ಸಂಜೆ ಚೆನ್ನಾಗಿತ್ತು ಅಂದರೆ ಯಾರು ತಾನೆ ನಂಬುತ್ತಾರೆ? ಅಲ್ಲದೆ ಹುಲ್ಲಿನಲ್ಲಿ ಏನೂ ಇರಲಿಲ್ಲವಾದರೆ ಆ ಮಗುವಿನ ಹೊಟ್ಟೆನೋವು ಯಾವುದು? ಅದೊಂದು ತಿಳಿಯಲೆಂದು ಅವಳು ಮತ್ತೆ ವೀಣಳ ನಂಬರು ಒತ್ತಿದಳು.

ದೀಪ ಹಚ್ಚುವ ಹೊತ್ತಿಗೆ ವೀಣಳೇ ಫೋನು ಮಾಡಿದಳು. ಹಿಂದಿನಿಂದ ಮಗುವಿನ ಅಳು ಕಿವಿ ಕಿತ್ತುಹೋಗುವಂತೆ ಕೇಳುತ್ತಿತ್ತು.

"ನಿನ್ನೆ ಪಕ್ಕದ ಮನೆ ಮಕ್ಕಳ ಜೊತೆ ಸೇರ್ಕೊಂಡು ಮಾವಿನಕಾಯಿಗೆ ಉಪ್ಪು ಖಾರ ಹಚ್ಚಿ ತಿಂದಿದಾಳೆ ಅಕ್ಕ, ಹೊಟ್ಟೆ ತುಂಬ! ಡಾಕ್ಟರು ಗದರಿಸಿದ್ಮೇಲೆ ಬಾಯಿ ಬಿಟ್ಲು. ಬೇರೇನೂ ಇಲ್ವಂತೆ. ಆದ್ರೆ ನೀವು ಹೇಳಿದ್ದು ಕೇಳಿ ರಕ್ತ ತೆಗೆಸಿದೆ. ನಾಲ್ಕು ಜನ ಹಿಡ್ಕೊಂಡು ಸೂಜಿ ಚುಚ್ಚಿದ್ರು. ಏನು ಹೆಂಗಸರೀ ನೀವು! ಗೊತ್ತಿಲ್ದೆ ಹಾಗೆ ಹೇಳ್ಬಹುದಾ? ನಾನು ದಾರೀಲೇ ಸತ್ತುಹೋಗ್ತಿದ್ದೆ!"

"ಬಯ್ಯವ್ವ, ಇನ್ನೂ ಬಯ್ಯಿ" ಎಂದಳು ಭಾಗ್ಯ. ಕಣ್ಣಿಂದ ನೀರು ಧಾರಾಕಾರ ಇಳಿಯುತ್ತಿತ್ತು. ಮಗುವಿನ ಅಳು ಎಲ್ಲಿ ನಿಂತುಹೋದೀತೋ ಎಂದು ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡಳು. ಎಂಥ ಗಟ್ಟಿ ಅಳು, ನನ್ನ ತಾಯಿ!

ವೀಣ ಬೈದು ಬೈದು ಸುಸ್ತಾದಳು. ಆಮೇಲೆ ದನಿ ಇಳಿಸಿ ಹೇಳಿದಳು. "ಅಕ್ಕ, ಬಾಡು ಚೆನ್ನಾಗಿತ್ತು ಅಂತ ಗುಂಪಿನಲ್ಲಿ ಕೇಳಿದೆ. ನೀವು ಸುಳ್ಳು ಹೇಳೋರಲ್ಲ, ಗೊತ್ತು. ಆದ್ರೂ ಇನ್ಮೇಲೆ ನಮ್ಮನೆಗೆ ಕಳಿಸ್ಬೇಡಿ. ಅವಳ ಬಾಯಿಗೆ ಇಡೋವಾಗ ಇವತ್ತಿನ ದಿನವೇ ನೆನಪಾಗುತ್ತೆ."

ಕುರಿಗಳು ರೊಪ್ಪದಲ್ಲಿ ಒಂದಕ್ಕೊಂದು ಒತ್ತಿ ಮಲಗುತ್ತಿದ್ದವು.

"ಆಯ್ತು ಕಣವ್ವ" ಎಂದಳು ಭಾಗ್ಯ. "ಮಗೀಗೆ ನುಗ್ಗೆಸೊಪ್ಪು ಬೇಳೆ ಜೊತೆ ಬೇಯ್ಸಿ ಕೊಡು. ದಿನಾ ಒಂದು ಮೊಟ್ಟೆ ಕೊಡು. ರಾಗಿ ಮೊಳಕೆ ಕಟ್ಟಿ ಗಂಜಿ ಮಾಡು, ಬೆಲ್ಲ ಆಕು. ಬಾಡೇ ಬೇಕು ಅಂತೇನಿಲ್ಲ, ರಕ್ತ ಆಯ್ತದೆ. ಬುಡಬ್ಯಾಡ, ದಿನಾ ಕೊಡು."

ಫೋನಿಟ್ಟಾಗ ಜಗಲಿಯಿಂದ ದೊಡ್ಡತಾಯಮ್ಮ ಕೂಗಿದಳು. "ಏನಂದ್ಲೇ?"

"ಮಗು ಚೆಂದಾಗೇ ಅದಂತೆ ಅತ್ತೆ" ಎಂದು ಹೇಳಿ ಭಾಗ್ಯಲಕ್ಷ್ಮಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು.