ಸುಂದ್ರಾ ಮಾವಶಿಯ ಸತ್ತೂರ

ಅವ್ವನ ತಂಗಿ ಸುಂದ್ರಾ ಮಾವಶಿಯ ಬಾಯಿ ಮತ್ತು ಚಾಕು ಒಟ್ಟಿಗೆ ಆಡಿದ್ದನ್ನು ನಮ್ಮ ಬಳಗದಲ್ಲಿ ಯಾರೂ ಕಂಡಿಲ್ಲ. ಹುಮನಾಬಾದಿನಲ್ಲಿ ಅವಳಂಥ ಮಾತುಗಾರ್ತಿ ಇನ್ನೊಬ್ಬಳಿರಲಿಲ್ಲ. ಆದರೆ ಚಾಕು ಕೈಗೆ ಬಂತೆಂದರೆ ಕಥೆ ಇದ್ದಲ್ಲೇ ನಿಲ್ಲುತ್ತಿತ್ತು. "ಆವಾಗ ಆ ಬೀಗತಿ ಎದ್ದು ನಿಂತು ಏನಂದ್ಳಪಾ ಅಂದ್ರ..." ಎಂದು ಚಾಕು ಎತ್ತಿಕೊಂಡಳೋ, ನಾವೆಲ್ಲ ಬಾಯಿ ತೆರೆದುಕೊಂಡು ಕಾಯಬೇಕು. ಬುಟ್ಟಿಯ ಉಳ್ಳಾಗಡ್ಡಿ ಹೆಚ್ಚಿ ಮುಗಿಸಿ, ಚಾಕು ನೆಲಕ್ಕಿಟ್ಟು, "ಹಾಂ, ಬೀಗತಿ ಏನಂದ್ಳು..." ಎಂದು ಅದೇ ಮಾತಿಗೆ ಗಂಟು ಹಾಕುತ್ತಿದ್ದಳು.

ಅವಳ ಎಡಗೈ ಹೆಬ್ಬೆರಳಿನ ಉಗುರು ಸೊಟ್ಟಗಿತ್ತು. ಕೇಳಿದರೆ ಮುಚ್ಚುಮರೆ ಇಲ್ಲ. "ಲಗ್ನಾದ ಹೊಸದಾಗಿ ನಿಮ್ಮ ಕಾಕಾ ಏನೋ ಅಂದ. ನಕ್ಕೋತ ಹೆಚ್ಚಾಕ ಹೋಗಿ ಕೊಯ್ಕೊಂಡೆ. ಆವತ್ತಿಂದ ಚಾಕುನ ಮುಂದ ನಗೂ ಬಂದ್." ನೊರೆ ತುಂಬಿದ ಬೋಗುಣಿಯಲ್ಲಿ ಚಾಕು ಮುಳುಗಿಸಿಟ್ಟವರಿಗೆ ಅವಳ ಮನೆಯಲ್ಲಿ ಕ್ಷಮೆಯಿರಲಿಲ್ಲ. ಚಾಕು ಜಾರಿದರೆ, "ಹಿಡಿಬ್ಯಾಡ! ಕಾಲು ತಗೀ!" ಎಂದು ಓಣಿಗೆಲ್ಲ ಕೇಳುವಂತೆ ಕೂಗುತ್ತಿದ್ದಳು. ಕೈಯಿಂದ ಕೈಗೆ ಚಾಕು ಕೊಟ್ಟರೆ ಜಗಳವಾಗುತ್ತದೆಂದು ಊರವರ ನಂಬಿಕೆ. "ಜಗಳ ಆದ್ರ ಆಗ್ಲಿ, ಬೆರಳು ಹೋದ್ರ ಯಾರು ಹಚ್ತಾರ?" ಎನ್ನುತ್ತಿದ್ದ ಮಾವಶಿ ನೆಲಕ್ಕಿಟ್ಟೇ ಕೊಡುತ್ತಿದ್ದಳು.

ಇದರ ಪೂರಾ ಲಾಭ ಪಡೆದವನು ಅವಳ ಗಂಡ, ನಮ್ಮ ಕಾಕಾ. ಬೈಗುಳ ಏರಿತೆಂದರೆ ಮೆಲ್ಲಗೆ ಎದ್ದು ಹೋಗಿ ಬದನೆಕಾಯಿ ಬುಟ್ಟಿಯನ್ನೂ ಚಾಕುವನ್ನೂ ತಂದು ಅವಳ ಮುಂದಿಡುತ್ತಿದ್ದ. ಅವಳು ಕೆಂಗಣ್ಣು ಬಿಟ್ಟುಕೊಂಡೇ ಹೆಚ್ಚಲು ಕೂಡುವಳು. ಅವನು ನೆಮ್ಮದಿಯಿಂದ ಚಹಾ ಕುಡಿಯುವನು. ಕಾಕಾ ತೀರಿಕೊಂಡ ಮೇಲೂ ಇದನ್ನು ಹೇಳಿ ಅವಳೇ ಹೊಟ್ಟೆ ಹಿಡಿದು ನಗುತ್ತಿದ್ದಳು.

ಬಳಗದಲ್ಲಿ ಯಾರ ಮನೆಯಲ್ಲಿ ಮಟನ್ ಊಟವಿದ್ದರೂ, ಖಟಿಕ ಬಂದು ಕುರಿ ಕೊಯ್ದು ಸುಲಿದು ಹೋದ ಮೇಲೆ ತುಂಡು ಮಾಡುವ ಹಕ್ಕು ಮಾವಶಿಯದು. ಎಲುಬು ಕಡಿಯುವ ಸತ್ತೂರವನ್ನು ಅವಳೇ ತರುತ್ತಿದ್ದಳು. ಹಿಡಿಯುವುದನ್ನು ನನಗೆ ಕಲಿಸಿದವಳೂ ಅವಳೇ.

ಹೋದ ವರ್ಷ ಬಸವಕಲ್ಯಾಣದ ನಮ್ಮ ಮನೆಯಲ್ಲಿ ಮಗನ ಜಾವಳ, ಮೊದಲ ಕೂದಲು ತೆಗೆಸುವ ಕಾರ್ಯ. ಮಾವಶಿ ಸತ್ತೂರವನ್ನು ಗೋಣಿತಟ್ಟಿನಲ್ಲಿ ಸುತ್ತಿ, ಹಗ್ಗ ಬಿಗಿದು, ಬಸ್ಸಿನಲ್ಲಿ ಬಂದಳು. ಪಕ್ಕಕ್ಕೆ ಕೂಡಲು ಬಂದವರಿಗೆಲ್ಲ, "ಹುಷಾರ್ರೀ, ಕಾಲಬುಡಕ ಸತ್ತೂರ ಅದ" ಎಂದಳಂತೆ. ಊರು ಮುಟ್ಟುವ ತನಕ ಆ ಸೀಟು ಖಾಲಿ. "ಮಾತಾಡಾಕ ಒಬ್ರೂ ಸಿಗಲಿಲ್ಲ ನೋಡು" ಎಂದು ಬಂದವಳೇ ದೂರಿದಳು.

ಅಂಗಳದಲ್ಲಿ ಕೊರಡಿನ ಮುಂದೆ ಕೂತು ಸತ್ತೂರ ಎತ್ತಿದಳು. ಕೈ ನಡುಗಿತು. ಏಟು ಬೆರಳಿನ ಪಕ್ಕದಲ್ಲೇ ಬಿತ್ತು. ಎರಡನೆಯದೂ ಹಾಗೆಯೇ. ಎಲ್ಲರೂ ನೋಡಿದೆವು. ಬಿಡು ಅಂದರೆ ಅವಳ ಮನಸ್ಸು ಮುರಿಯುತ್ತದೆ, ಬಿಡದಿದ್ದರೆ ಬೆರಳು ಹೋಗುತ್ತದೆ. ಆಗ ಕಾಕಾನ ಉಪಾಯ ನೆನಪಾಯಿತು. ಅದನ್ನೇ ತಿರುಗಿಸಿದೆ.

"ಮಾವಶಿ, ಕಾಕಾ ನಿನ್ನ ನೋಡಾಕ ಬಂದಾಗ ಏನಾಗಿತ್ತು?"

ತಡೆಯಲು ಆಗುತ್ತದೆಯೇ ಅವಳಿಗೆ! ಸತ್ತೂರ ನೆಲಕ್ಕಿಟ್ಟಳು. "ಅಯ್ಯ, ಅದೇನು ಕೇಳ್ತೀ! ಬ್ಯಾರೆಯವ್ರ ಚಪ್ಪಲಿ ಹಾಕ್ಕೊಂಡು ಬಂದಿದ್ದ ನೋಡು..." ನಾನು ಮೆಲ್ಲಗೆ ಸತ್ತೂರ ಎತ್ತಿಕೊಂಡೆ.

ಕಥೆ ಪಟ್ಟನೆ ನಿಂತಿತು. ಸಿಕ್ಕಿಬಿದ್ದೆ ಎಂದುಕೊಂಡೆ. ಮಾವಶಿ ನನ್ನ ಮುಖ ನೋಡಿದಳು, ತನ್ನ ಕೈ ನೋಡಿಕೊಂಡಳು. ತುಟಿಯಲ್ಲಿ ನಗು ಬಂತು, ಆದರೆ ಮಾತಿಲ್ಲ. ನಾನು ತೊಡೆಯ ತುಂಡು ಮುಗಿಸಿ ಸತ್ತೂರ ಕೆಳಗಿಟ್ಟಾಗಲೇ ಬಾಯಿ ಬಿಟ್ಟಳು. "ಹಾಂ, ಚಪ್ಪಲಿ. ಅವು ಯಾರವು ಗೊತ್ತೇನು?"

ಆ ದಿನ ಇಡೀ ಕುರಿ ಹಾಗೆಯೇ ಮುಗಿಯಿತು. ನಾನು ಕಡಿದಾಗ ಅವಳು ಸುಮ್ಮನೆ, ನಾನು ಇಟ್ಟಾಗ ಕಥೆ. ಊಟಕ್ಕೆ ಹೊತ್ತು ಮೀರಿ ನೆಂಟರು ಗೊಣಗಿದರು. ನನಗೆ ಮಾತ್ರ ಅಂಥ ಖುಷಿ ಎಂದೂ ಆಗಿರಲಿಲ್ಲ.

ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ಅವಳ ಕೈಚೀಲ ಹಗುರಾಗಿತ್ತು. "ಮಾವಶಿ, ಸತ್ತೂರ ಮರೆತು ಬಂದೀ" ಎಂದೆ.

"ಮರೆತಿಲ್ಲ, ನಿನ್ನ ಒಲಿ ಬಾಜೂಕ ನೆಲಕ್ಕ ಇಟ್ಟೀನಿ. ಕೈಯಾಗ ಕೊಡಬಾರ್ದಲ್ಲ?"

ಆ ಮಳೆಗಾಲದಲ್ಲೇ ಅವಳು ಹೋದಳು. ನಾನು ಕೊನೆಗೆ ಕಂಡದ್ದು ಆ ಬಸ್ಸಿನ ಕಿಟಕಿಯಲ್ಲಿ. ಈ ಸಲ ಪಕ್ಕದ ಸೀಟಿಗೆ ಯಾರೋ ಒಬ್ಬ ಹೆಂಗಸು ಬಂದು ಕೂತಿದ್ದಳು. ಬಸ್ಸು ಗೇಟು ದಾಟುವಷ್ಟರಲ್ಲಿ ಮಾವಶಿ ಎರಡೂ ಕೈ ಆಡಿಸುತ್ತ ಕಥೆ ಶುರು ಮಾಡಿಬಿಟ್ಟಿದ್ದಳು.